ಪಕ್ಕದ ಬಾಗಿಲಿನ ಮರಿಯಮ್ಮ

ನವೆಂಬರ್ 17, 2025, ಸೋಮವಾರ, ಬೆಳಿಗ್ಗೆ 7.40. ಮಾನ್ವಿ ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಬುರ್ಹಾನುದ್ದೀನ್ ಆಗಷ್ಟೇ ಚಹಾದ ಲೋಟಕ್ಕೆ ಕೈ ಹಾಕಿದ್ದರು. ದೇವದುರ್ಗ ರಸ್ತೆಯ ಹಳೇ ಚರ್ಚಿನ ಫಾದರ್ ರಾಯಪ್ಪ ಏದುಸಿರು ಬಿಡುತ್ತ ಒಳಗೆ ಬಂದರು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

“ಮರಿಯಮ್ಮನ್ನ ಒಯ್ದಾರ್ರಿ,” ಅಂದರು.

ಬುರ್ಹಾನುದ್ದೀನ್ ಅವರದು ಮೂವತ್ತೊಂದು ವರ್ಷದ ಸರ್ವಿಸ್. ಹೆಣ್ಣುಮಕ್ಕಳನ್ನು ಯಾರೋ ಕರೆದೊಯ್ದ ದೂರನ್ನು ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲವರು. ಲೋಟ ಪಕ್ಕಕ್ಕಿಟ್ಟು ಪೆನ್ನು ತೆಗೆದರು.

“ವಯಸ್ಸು?”

“ನೂರಾ ಇಪ್ಪತ್ತು.”

ಪೆನ್ನು ನಿಂತಿತು.

“ಕಲ್ಲಿನ ಮರಿಯಮ್ಮ ರೀ ಸಾಬ್ರ. ನಮ್ಮ ಚರ್ಚಿನ ಪಕ್ಕದ ಬಾಗಲ್ದಾಗ ಇದ್ಲಲ್ಲ, ಆಕಿ.”

ಎಂಟು ಗಂಟೆಗೆ ಇನ್ಸ್‌ಪೆಕ್ಟರ್ ಗೌತಮ ಬಂದರು. ಮೂವತ್ತೆಂಟರ ಹರೆಯ, ಮಾತು ಕಡಿಮೆ, ಬರಹ ದುಂಡಗೆ. ದೂರನ್ನು ಎರಡು ಸಲ ಓದಿ ಎಫ್‌ಐಆರ್ ದಾಖಲಿಸಿದರು. ಗುನ್ನೆ ನಂಬರ್ 214/2025. ಭಾರತೀಯ ನ್ಯಾಯ ಸಂಹಿತೆ ಕಲಂ 305(ಡಿ), ಅಂದರೆ ಪ್ರಾರ್ಥನಾ ಸ್ಥಳದಿಂದ ದೇವರ ವಿಗ್ರಹದ ಕಳವು. ಏಳು ವರ್ಷದವರೆಗೆ ಶಿಕ್ಷೆ ಇರುವ ಕಲಂ. ಆ ಹೊತ್ತಿಗೆ ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಸ್ಥಳ ಪಂಚನಾಮೆ 9.15ಕ್ಕೆ ಶುರುವಾಯಿತು.

ಆ ಚರ್ಚನ್ನು ಮಾನ್ವಿಯವರು ದಿನಾ ನೋಡುತ್ತಾರೆ, ಆದ್ದರಿಂದ ಯಾರೂ ನೋಡುವುದಿಲ್ಲ. ಕರಿಗಲ್ಲಿನ ಕಟ್ಟಡ. ಬಾಗಿಲು ಕಿಟಕಿಗಳೆಲ್ಲ ತುದಿ ಚೂಪಾದ ಕಮಾನುಗಳು. ಒಳಗೆ ತಲೆಯೆತ್ತಿದರೆ ಮಾಳಿಗೆಯ ಕೆಳಗೆ ಪಕ್ಕೆಲುಬುಗಳಂತೆ ಕಲ್ಲಿನ ಪಟ್ಟಿಗಳು ಎರಡೂ ಕಡೆಯಿಂದ ಎದ್ದುಬಂದು ನಡುವೆ ಕೂಡುತ್ತವೆ. ಹೊರಗೋಡೆಗೆ ಮೂರು ಮೊಳಕ್ಕೊಂದು ಆನಿಕೆ ಗೋಡೆ. ನಿಜಾಮರ ಕಾಲದಲ್ಲಿ ಫ್ರಾನ್ಸಿನಿಂದ ಬಂದ ಒಬ್ಬ ಪಾದ್ರಿ, ತನ್ನ ಊರಿನ ಏಳುನೂರು ವರ್ಷ ಹಳೆಯ ಚರ್ಚನ್ನು ನೆನಪಿನಿಂದಲೇ ಗೀಚಿ, ಇಲ್ಲಿನ ಕಲ್ಲುಕುಟಿಗರ ಕೈಗೆ ಕೊಟ್ಟು ಕಟ್ಟಿಸಿದನಂತೆ. 1898ರಲ್ಲಿ ಅಡಿಪಾಯ, 1905ರಲ್ಲಿ ಮೊದಲ ಪೂಜೆ. ಅವನು ತನ್ನ ಊರಿಗೆ ಮತ್ತೆ ಹೋಗಲೇ ಇಲ್ಲ. ಊರನ್ನೇ ಇಲ್ಲಿಗೆ ತರಿಸಿಕೊಂಡ ಅನ್ನಬೇಕು.

ಉತ್ತರ ಗೋಡೆಗೊಂದು ಚಿಕ್ಕ ಬಾಗಿಲಿದೆ. ಅದರ ಕಮಾನಿನ ಮೇಲೆ, ಮಳೆನೀರು ಒಳಕ್ಕೆ ಇಳಿಯದಂತೆ, ಹುಬ್ಬಿನ ಹಾಗೆ ಒಂದು ಕಲ್ಲಿನ ಅಂಚು. ಆ ಹುಬ್ಬಿನ ಎರಡೂ ತುದಿಗಳು ಆಳಿನ ಎದೆಮಟ್ಟಕ್ಕೆ ಇಳಿದು ಒಂದೊಂದು ಮುಖದಲ್ಲಿ ಮುಗಿಯುತ್ತವೆ. ಎಡಕ್ಕೆ ಗಡ್ಡದ ಗಂಡಸಿನ ಮುಖ. ಬಲಕ್ಕೆ ಹೆಂಗಸಿನ ಮುಖ, ಅದರ ಕೆಳಗೆ ‘ಮರಿಯಮ್ಮ’ ಎಂದು ನಾಲ್ಕಕ್ಷರ. ಚರ್ಚಿನವರು ಯೇಸುವಿನ ತಾಯಿ ಮರಿಯಮ್ಮನೆಂದು ಅದಕ್ಕೆ ಮೂರು ತಲೆಮಾರಿನಿಂದ ಮೇಣದಬತ್ತಿ ಹಚ್ಚುತ್ತ ಬಂದಿದ್ದರು.

ಈಗ ಆ ಜಾಗದಲ್ಲಿ ಮುಖವಿರಲಿಲ್ಲ. ಆದರೆ ಗೋಡೆಗೆ ತೂತೂ ಬಿದ್ದಿರಲಿಲ್ಲ. ಹಳೇ ಕಲ್ಲು ತೆಗೆದು, ಅಷ್ಟೇ ಅಳತೆಯ ಹೊಸ ಕಲ್ಲೊಂದನ್ನು ನಾಲ್ಕೂ ಬದಿ ನಯಗೊಳಿಸಿ, ಮುಂದಿನ ಮೈ ಖಾಲಿ ಬಿಟ್ಟು ಕೂರಿಸಲಾಗಿತ್ತು. ಸಂದಿಗೆ ಬಿಳಿ ಗಾರೆ ತುಂಬಿತ್ತು. ಕಳ್ಳನೊಬ್ಬ ಮನೆ ದೋಚಿ ಕಸ ಗುಡಿಸಿ ಹೋದದ್ದನ್ನು ಗೌತಮ ಇದುವರೆಗೆ ಕಂಡಿರಲಿಲ್ಲ.

ಸಾಕ್ಷಿಗೆ ಇಬ್ಬರು ಪಂಚರು ಬೇಕಿದ್ದರು. ಬುರ್ಹಾನುದ್ದೀನ್ ಗೇಟಿನ ಬಳಿ ಚಹಾ ಮಾರುವ ಇಮಾಮ್ ಬೀಯನ್ನೂ, ದುರಸ್ತಿ ಕೆಲಸಕ್ಕೆ ಬಂದಿದ್ದ ಕಲ್ಲುಕುಟಿಗ ರಾಮಲಿಂಗಪ್ಪನನ್ನೂ ಕರೆತಂದರು. ರಾಮಲಿಂಗಪ್ಪ ಕುರ್ಡಿಯವ, ಐವತ್ತೆಂಟರ ಆಸುಪಾಸು, ಅಂಗೈ ಕಲ್ಲಿಗಿಂತ ಒರಟು. ನಾಲ್ಕು ತಿಂಗಳಿಂದ ಚರ್ಚಿನ ಕೆಲಸ ಅವನ ಮೇಲ್ವಿಚಾರಣೆಯಲ್ಲೇ ನಡೆದಿತ್ತು.

“ಇದನ್ನ ಹೆಂಗ ತೆಗದಾರ ಹೇಳಪ್ಪಾ,” ಗೌತಮ ಕೇಳಿದರು.

ರಾಮಲಿಂಗಪ್ಪ ಸಂದಿಯ ಮೇಲೆ ಬೆರಳಾಡಿಸಿದ. “ಮೊದಲ ಮ್ಯಾಲಿನ ಅಂಚಿಗೆ ಕಟ್ಟಿಗಿ ಆಸರ ಕೊಟ್ಟಾರ್ರಿ. ಆಮ್ಯಾಲ ಸಂದಿ ಕೊರದು, ಕಲ್ಲು ಸಡಲ ಮಾಡಿ ಮುಂದಕ್ಕ ಎಳದಾರ. ಅವಸರ ಮಾಡಿಲ್ಲ. ಇದನ್ನ ತೆಗದಾಂವ ಕಸಬುದಾರ ಅದಾನ್ರಿ.”

“ಎಷ್ಟು ಹೊತ್ತು ಬೇಕು?”

“ನಾಕು ತಾಸು.”

“ಒಬ್ಬನ ಕೈಲೆ ಆಗ್ತದ?”

“ಕಲ್ಲು ಮೂವತ್ತು ಕಿಲೋ ಮ್ಯಾಲ ಇರ್ತದ್ರಿ. ರೂಢಿ ಇದ್ರ ಆಗ್ತದ.”

ಅವನ ಹೇಳಿಕೆಯನ್ನು ಮಹಿಳಾ ಕಾನ್‌ಸ್ಟೆಬಲ್ ದಾನೇಶ್ವರಿ ಬರೆದುಕೊಂಡಳು. ಇಮಾಮ್ ಬೀ ತನ್ನ ಸರದಿಯಲ್ಲಿ, ನಿನ್ನೆ ಭಾನುವಾರ ಮಧ್ಯಾಹ್ನವೆಲ್ಲ ಉಳಿಯ ಸದ್ದು ಕೇಳಿತ್ತೆಂದಳು. ಬಾಗಿಲಿಗೆ ತಾಡಪತ್ರಿಯ ಪರದೆ ಕಟ್ಟಿತ್ತು, ದುರಸ್ತಿ ಕೆಲಸ ನಡೆದಿದೆ ಅಂದುಕೊಂಡಿದ್ದಳು.

“ಪರಊರಿನವರು ಯಾರರ ಬಂದಿದ್ರೇನು?”

“ನೈ ಸಾಬ್. ಒಬ್ಬರೂ ಬಂದಿಲ್ಲ.”

ಹಗಲು ಹೊತ್ತಿನಲ್ಲಿ, ಸದ್ದು ಮಾಡುತ್ತಲೇ ಕದ್ದಿದ್ದಾರೆ. 10.50ಕ್ಕೆ ಪಂಚನಾಮೆ ಮುಗಿಯಿತು. ಇಮಾಮ್ ಬೀ ಹೆಬ್ಬೆಟ್ಟು ಒತ್ತಿದಳು. ರಾಮಲಿಂಗಪ್ಪ ನಿಧಾನವಾಗಿ ಸಹಿ ಹಾಕಿದ, ಅಕ್ಷರಗಳನ್ನು ಕೊರೆದ ಹಾಗೆ.

ಫಾದರ್ ಒಂದು ಮಾತು ಸೇರಿಸಿದರು. ಚರ್ಚಿಗೆ ನೂರಾ ಇಪ್ಪತ್ತು ತುಂಬಿತೆಂದು ಕ್ರಿಸ್‌ಮಸ್ಸಿನೊಳಗೆ ಎಲ್ಲ ದುರಸ್ತಿ ಮುಗಿಸುವುದಿತ್ತು. ಮರಿಯಮ್ಮನ ಮೂಗು ತುಟಿ ಸವೆದಿದ್ದವು. ತಿದ್ದಿ ಚೆಂದ ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿತ್ತು. ಆ ಕೆಲಸ ಇವತ್ತೇ ಶುರುವಾಗಬೇಕಿತ್ತು.

“ಒಂದು ದಿನ ತಡದಿದ್ರ ಹೊಸಾ ಮುಖಾನ ಒಯ್ತಿದ್ರು,” ಎಂದು ಬುರ್ಹಾನುದ್ದೀನ್ ಗೊಣಗಿದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿಗೆ ಕೈಕಾಲು ಬಂದಿದ್ದವು. ದೇವರನ್ನು ಒಡೆದರಂತೆ, ಇಂಥವರೇ ಒಡೆದರಂತೆ. ಚರ್ಚಿನ ಮುಂದೆ ಇನ್ನೂರು ಜನ ಕೂಡಿದರು. ರಸ್ತೆಯಾಚೆ ಇನ್ನೊಂದು ಗುಂಪು ಸುಮ್ಮನೆ ನಿಂತು ನೋಡತೊಡಗಿತು. ರಾಯಚೂರಿನಿಂದ ಮೇಲಧಿಕಾರಿಗಳ ಫೋನು ತಾಸಿಗೊಮ್ಮೆ ಬಂತು. ಗೌತಮರಿಗೆ ಭಯವಾದದ್ದು ಕಳ್ಳನ ಬಗ್ಗೆ ಅಲ್ಲ. ಯಾರಾದರೊಬ್ಬ ಅಮಾಯಕನ ಹೆಸರು ಯಾರದೋ ಬಾಯಿಂದ ಹೊರಬಿದ್ದರೆ ಸಾಕು, ಆ ಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ.

ಹಳೇ ವಿಗ್ರಹ ಮಾರುವವರ ಜಾಡು ಹಿಡಿದು ಎರಡು ದಿನ ಹೋಯಿತು. ಆಂಧ್ರದ ಕಡೆಗೆ ಹೋಗುವ ವಾಹನಗಳನ್ನು ಗಿಲ್ಲೆಸುಗೂರಿನ ಹತ್ತಿರ ತಡೆದು ಶೋಧಿಸಿದರು. ಸಿಕ್ಕದ್ದು ರಸೀದಿ ಇಲ್ಲದ ನಾಲ್ಕು ಮೇಕೆ, ತವರಿಗೆ ಮುನಿಸಿಕೊಂಡು ಹೊರಟಿದ್ದ ಒಬ್ಬ ಸೊಸೆ. ಆಕೆಯನ್ನು ಬುರ್ಹಾನುದ್ದೀನ್ ಬುದ್ಧಿಮಾತು ಹೇಳಿ ಬಸ್ಸು ಹತ್ತಿಸಿದರು, ತವರಿನ ಕಡೆಗೇ.

ನವೆಂಬರ್ 19, ಬುಧವಾರ, 11.30. ರಾಯಚೂರು.

ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗುರುಪ್ರಸನ್ನ ಆಚಾರ್ಯರು ಮುದ್ರೆ ಹಚ್ಚಿಕೊಂಡ ಹಣೆ ಮೇಲೆ ಕನ್ನಡಕ ಏರಿಸಿ, ಫಾದರ್ ಕೊಟ್ಟಿದ್ದ ಹಳೇ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇಪ್ಪತ್ತು ವರ್ಷದ ಹಿಂದೆ ಅವರು ಆ ಚರ್ಚಿನ ಒಂದೊಂದು ಕಲ್ಲನ್ನೂ ಅಳೆದವರು.

“ಇದಕ್ಕ ಮಾರ್ಕೆಟ್ಟಿನಾಗ ಬೆಲಿ ಇಲ್ರಿ ಇನ್ಸ್‌ಪೆಕ್ಟರ್. ಕಳ್ಳ ಮಾರೋದಿದ್ರ ಒಳಗಿನ ಹಿತ್ತಾಳಿ ದೀಪ ಒಯ್ತಿದ್ದ.”

“ಮತ್ಯಾಕ ಒಯ್ದಾನ?”

“ಅದು ನಿಮ್ಮ ಕೆಲಸ. ನನ್ನ ಕೆಲಸ ಹೇಳ್ತೀನಿ ಕೇಳ್ರಿ.” ಆಚಾರ್ಯರ ದನಿ ತರಗತಿಗೆ ಹೊರಳಿತು. “ಆ ಪಾದ್ರಿ ಊರಿನ ಮೂಲ ಚರ್ಚು ಕಟ್ಟಲಿಕ್ಕೆ ನೂರಾ ಮೂವತ್ತು ವರ್ಷ ಹಿಡೀತು. ಅಡಿಪಾಯ ಹಾಕಿದವರ ಮೊಮ್ಮಕ್ಕಳ ಮಕ್ಕಳು ಮಾಳಿಗಿ ಮುಚ್ಚಿದರು. ಚೂಪು ಕಮಾನಿನ ಗುಟ್ಟು ಇಷ್ಟ, ಭಾರ ಗೋಡೆ ಮ್ಯಾಲ ಕೂಡೋದಿಲ್ಲ, ಹೊರಗಿನ ಆನಿಕೆ ಗೋಡೆಗೆ ಇಳದು ಹೋಗ್ತದ. ಹಿಂಗಾಗಿ ಗೋಡೆ ತೆಳ್ಳಗ, ಕಿಟಕಿ ದೊಡ್ಡದು, ಒಳಗ ಬೆಳಕು. ನಮ್ಮ ಕಲ್ಲುಕುಟಿಗರಿಗೆ ಇದೇನು ಹೊಸದಲ್ಲ. ದರ್ಗಾ, ಕೋಟೆ ಬಾಗಲ, ಚೂಪು ಕಮಾನು ನೋಡೇ ಬೆಳದವರು. ಏಳು ವರ್ಷದಾಗ ಎತ್ತಿ ನಿಲ್ಲಿಸಿದರು.”

“ಈ ಮುಖ?”

“ಅದಕ್ಕ ಬಂದೆ. ಅಲ್ಲಿ ಒಂದು ರೂಢಿ ಇತ್ತು. ದೇವರು, ಸಂತರು ಬಾಗಲ ಮ್ಯಾಲೆ, ನಟ್ಟನಡುವ. ಈ ತುದಿಗಲ್ಲು ಮಾತ್ರ ಕೆಲಸಗಾರರ ಖುಷಿಗೆ ಬಿಟ್ಟ ಜಾಗ. ಅಲ್ಲಿ ಅವರು ರಾಜನ್ನ ಕೆತ್ತಿದರು, ತಮ್ಮ ಹೆಂಡಿರನ್ನ ಕೆತ್ತಿದರು, ನೀರು ತಂದು ಕೊಡೋ ಮುದುಕಿನ್ನೂ ಕೆತ್ತಿದರು. ಯಾರ ಮುಖ ಅಂತ ಎಲ್ಲಿಯೂ ಬರದಿಲ್ಲ. ಮಾತೆ ಮೇರಿಯನ್ನ ಮಳಿನೀರು ಸೋರೋ ತುದಿಗೆ ಕೂಡಸೋದು ನಾನು ಎಲ್ಲೂ ಓದಿಲ್ಲ.”

“ಆದರ ಹೆಸರು ಬರದಾರಲ್ರಿ, ಮರಿಯಮ್ಮ ಅಂತ. ತಲಿ ಮ್ಯಾಲ ಕಿರೀಟನೂ ಅದ.”

ಫೋಟೋದಲ್ಲಿ ಆ ಹೆಂಗಸಿನ ನೆತ್ತಿಯ ಮೇಲೆ ಬಳೆಯಂಥ ದಪ್ಪ ಸುತ್ತೊಂದು ಕಾಣುತ್ತಿತ್ತು. ಬಾಗಿಲ ಬಳಿ ನಿಂತಿದ್ದ ದಾನೇಶ್ವರಿ ಕತ್ತು ಉದ್ದ ಮಾಡಿ ನೋಡಿದಳು.

“ಸರ್, ಅದು ಕಿರೀಟ ಅಲ್ರಿ. ಸಿಂಬಿ.”

“ಏನು?”

“ಸಿಂಬಿ ರೀ. ಬುಟ್ಟಿ ಹೊರೋಮುಂದ ತಲಿ ಮ್ಯಾಲ ಬಟ್ಟಿ ಸುತ್ತಿ ಇಟ್ಕೋತಾರಲ್ಲ. ಮಡಿಕಿ ನೋಡ್ರಿ, ಹಳೇ ಸೀರಿದು. ನಮ್ಮವ್ವ ಹಿಂಗ ಸುತ್ತತಾಳ. ಮರಿಯಮ್ಮ ಅನ್ನೋ ಹೆಸರೂ ನಮ್ಮ ಓಣ್ಯಾಗ ನಾಕು ಮಂದಿಗೆ ಅದ.”

ಆಚಾರ್ಯರು ಕನ್ನಡಕ ಇಳಿಸಿ ಮತ್ತೆ ನೋಡಿದರು, ಇಪ್ಪತ್ತು ವರ್ಷ ತಾವು ‘ಕಿರೀಟ’ ಎಂದೇ ಪಾಠ ಮಾಡಿದ್ದು ನೆನಪಾಗಿ ಕಿವಿ ಕೆಂಪಾಯಿತು. ಗೌತಮರಿಗೆ ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅವರ ತಾಯಿ ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತು ಅವರನ್ನು ಓದಿಸಿದವಳು. ಮೂರು ದಿನದಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ ಫೋಟೋದಲ್ಲಿ ತಾಯಿಯ ತಲೆಯ ಮೇಲಿನ ಸಿಂಬೆ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾದರೆ ಕಳುವಾದವಳು ದೇವರಲ್ಲ. ಕಲ್ಲು ಹೊತ್ತ ಕೂಲಿ ಹೆಂಗಸು. ಅವಳು ಬೇಕೆಂದವರು ಯಾರು? ಅವಳ ಕಡೆಯವರೇ ಇರಬೇಕು. ಜೀಪಿನಲ್ಲಿ ಕೂತ ಮೇಲೆ ಗೌತಮ ಪಂಚನಾಮೆಯನ್ನು ಮತ್ತೆ ತೆಗೆದು ಓದಿದರು. ‘ಸಂದಿಗೆ ಬಿಳಿ ಗಾರೆ’ ಎಂಬ ಸಾಲಿಗೆ ಬಂದು ನಿಂತರು.

“ಬುರ್ಹಾನ್ ಸಾಬ್, ಚರ್ಚಿನ ದುರಸ್ತಿ ಯಾತರಲೆ ಮಾಡಾಕತ್ತಾರ?”

“ಸಿಮೆಂಟ್ ಸರ್. ಗುತ್ತಿಗೆದಾರ ಎಲ್ಲಾ ಕಡಿಗೂ ಸಿಮೆಂಟ್ ತಂದಾನ.”

“ಮತ್ತ ಕಳ್ಳ ಸುಣ್ಣ ಎಲ್ಲಿಂದ ತಂದ?”

ನವೆಂಬರ್ 20, ಗುರುವಾರ, 9.20. ದೇವದುರ್ಗ.

ಆ ಸುತ್ತಿನಲ್ಲಿ ಈಗಲೂ ಕಲ್ಲು ಸುಟ್ಟು ಸುಣ್ಣ ಮಾಡುವವರು ಸತ್ತಾರ್ ಸಾಬ್ ಒಬ್ಬರೇ. ಭಟ್ಟಿಯ ಬಾಯಿಂದ ಹೊರಗೆ ಬಂದಾಗ ಹುಬ್ಬು, ರೆಪ್ಪೆ, ಗಡ್ಡ ಎಲ್ಲ ಬಿಳಿ. ಅದರಲ್ಲಿ ವಯಸ್ಸಿನದೆಷ್ಟು, ಸುಣ್ಣದ್ದೆಷ್ಟು ಹೇಳುವಂತಿರಲಿಲ್ಲ. ಗೌತಮ ಚೀಟಿಯಲ್ಲಿ ಕಟ್ಟಿ ತಂದಿದ್ದ ಗಾರೆಯ ಚೂರನ್ನು ಸತ್ತಾರ್ ಸಾಬ್ ಬೆರಳಲ್ಲಿ ಉಜ್ಜಿ ಮೂಸಿದರು.

“ನಂದ ಮಾಲು. ಬೆಲ್ಲದ ನೀರು ಹಾಕಿ ಅರದಾನ. ಹದಿನೈದು ದಿನ ನೆನಸ್ಯಾನ. ಈಗ ಯಾರು ಹಿಂಗ ಮಾಡ್ತಾರ್ರೀ?”

“ಅದನ್ನ ಕೇಳಾಕ ಬಂದೀವಿ.”

“ಕುರ್ಡಿ ರಾಮಲಿಂಗಪ್ಪ. ಅಕ್ಟೋಬರ್ ಕೊನೀಗೆ ಒಂದು ಚೀಲ ಒಯ್ದ. ಹಳೇ ಗೋಡಿಗೆ ಸಿಮೆಂಟ್ ಹಾಕಿದ್ರ ಕಲ್ಲು ಉಸಿರು ಕಟ್ಟಿ ಸಾಯ್ತದ ಅಂದ.”

ಬುರ್ಹಾನುದ್ದೀನ್ ಜೀಪು ಹತ್ತುವ ತನಕ ತಡೆದು, ಕೊನೆಗೆ ಹೇಳಿದರು. “ಪಂಚ ಅಂತ ಅವನನ್ನ ನಾನ ಕರಕೊಂಡು ಬಂದೆ ಸರ್.”

“ನಾನ ಅವನ ಹೇಳಿಕಿ ಬರಸಿದೆ,” ಅಂದರು ಗೌತಮ. “ನಮ್ಮ ಪಂಚನಾಮೆಗೆ ಆರೋಪೀನ ಸಾಕ್ಷಿ. ವಕೀಲರಿಗೆ ಹಬ್ಬ.”

ದಾರಿಯಲ್ಲಿ ಚರ್ಚಿನ ಗೇಟಿಗೆ ಇಳಿದರು. ಈ ಸಲ ಪ್ರಶ್ನೆ ಕೇಳಿದವಳು ದಾನೇಶ್ವರಿ.

“ಅಮ್ಮಾ, ಪರಊರಿನವರು ಬ್ಯಾಡ. ದಿನಾ ಬರೋರು, ಗುರುತಿನವರು, ಆ ಪಕ್ಕದ ಬಾಗಲಿಗೆ ಯಾರು ಬರ್ತಾರ?”

ಇಮಾಮ್ ಬೀ ಯೋಚಿಸುವ ಅಗತ್ಯವೇ ಬೀಳಲಿಲ್ಲ. “ಶೇಖಮ್ಮ ಬರ್ತಾಳ. ರಾಮಲಿಂಗಪ್ಪನ ಹೇಣ್ತಿ. ಪಾಪ, ಕಣ್ಣಿಲ್ಲ. ಎರಡು ವರ್ಷ ಆತು, ಪ್ರತಿ ಐತವಾರ. ಪ್ರಾರ್ಥನಾ ಮುಗದು ಎಲ್ಲಾರೂ ಹೋದ ಮ್ಯಾಲ ಬರ್ತಾಳ. ಆ ಮೂರ್ತಿ ಮುಖ ಸವರ್ಕೋತ ನಿಂದರ್ತಾಳ.”

“ಮೊನ್ನೆ?”

“ಮೊನ್ನೀನೂ ಬಂದಿದ್ಲು. ನಾಕು ಹೊಡದಾಗ ಇಬ್ಬರೂ ಮೊಪೆಡ್ ಮ್ಯಾಲ ಹೋದ್ರು. ಮುಂದ ಒಂದು ಚೀಲ ಇತ್ತು.”

“ಸೋಮವಾರ ಯಾಕ ಹೇಳ್ಲಿಲ್ಲ?”

“ಅವರು ಪರಊರಿನವರು ಅಲ್ಲಲ್ಲವಾ!”

ಕುರ್ಡಿಗೆ ತಲುಪಿದಾಗ 2.30. ಗುರುತು ಹಿಡಿಯಲೆಂದು ಫಾದರ್ ರಾಯಪ್ಪನವರನ್ನೂ ಕರೆದೊಯ್ದಿದ್ದರು. ಊರಿನ ಇಬ್ಬರು ಪಂಚರನ್ನು ಈ ಸಲ ಗೌತಮರೇ ವಿಚಾರಿಸಿ ಆರಿಸಿದರು.

ಎರಡು ಕೋಣೆಯ ಮನೆ. ಗೋಡೆಗೆ ಬುದ್ಧನ ಪಟ. ಅದರ ಪಕ್ಕ ಪದವಿಯ ಕರಿ ನಿಲುವಂಗಿ ತೊಟ್ಟ ಹುಡುಗಿಯೊಬ್ಬಳ ಫೋಟೋ. ಕೆಳಗೆ ಮಣೆಯ ಮೇಲೆ ಕಲ್ಲಿನ ಮುಖ, ಕೂತವರ ಕೈಗೆ ಎಟಕುವ ಹಾಗೆ ಗೋಡೆಗೆ ಒರಗಿಸಿತ್ತು. ಅದರ ಎದುರು ಶೇಖಮ್ಮ ಕೂತಿದ್ದಳು. ಫೋಟೋದ ಹುಡುಗಿಗೂ ಕಲ್ಲಿನ ಹೆಂಗಸಿಗೂ ಅದೇ ಅಗಲ ಮೂಗು, ಅದೇ ತುಸು ಮುಂದೆ ಬಂದ ಕೆಳದುಟಿ.

ಹಿತ್ತಲಲ್ಲಿದ್ದ ರಾಮಲಿಂಗಪ್ಪ ಕೈ ತೊಳೆದುಕೊಂಡು ಬಂದ.

“ಬರ್ರಿ ಸಾಹೇಬ್ರ. ಮಂಗಳವಾರನ ಬರ್ತೀರಿ ಅಂತ ತಿಳಕೊಂಡಿದ್ದೆ.”

“ಈ ಕಲ್ಲು ತೆಗದವರು ಯಾರು?”

“ನಾನ ರೀ.”

“ಅವತ್ತು ಯಾಕ ಹೇಳ್ಲಿಲ್ಲ?”

“ನೀವು ಹೆಂಗ ತೆಗದಾರ ಅಂತ ಕೇಳಿದ್ರಿ. ಯಾರು ತೆಗದಾರ ಅಂತ ಕೇಳ್ಲಿಲ್ಲ.”

ಬುರ್ಹಾನುದ್ದೀನ್ ಸೂರಿನ ಕಡೆ ನೋಡಿದರು.

“ಯಾಕ ತೆಗದಿ?”

ರಾಮಲಿಂಗಪ್ಪ ಹೆಂಡತಿಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳತೊಡಗಿದ. ಅವನ ಮುತ್ತ್ಯಾನ ಅವ್ವ, ಅಂದರೆ ಅಜ್ಜನ ತಾಯಿ, ಈ ಮರಿಯಮ್ಮ. ಚರ್ಚು ಕಟ್ಟುವಾಗ ಏಳೂ ವರ್ಷ ಕಲ್ಲು ಹೊತ್ತವಳು. ಕೊನೆಯ ವರ್ಷ ಸಾರುವೆಯಿಂದ ಬಿದ್ದು ಸತ್ತಳು. ಕಲ್ಲುಕುಟಿಗನಾಗಿದ್ದ ಗಂಡ ಅವಳನ್ನು ಪಕ್ಕದ ಬಾಗಿಲಿಗೆ ಕೆತ್ತಿದ. ಆ ಪಾದ್ರಿ ಬೇಡವೆನ್ನಲಿಲ್ಲ, ಹೆಸರನ್ನೂ ಬರೆ ಎಂದ. ಆ ಗಂಡ ತೀರಿದ ಮೇಲೆ, ಪಾದ್ರಿಯೂ ತೀರಿದ ಮೇಲೆ, ಹೆಸರೊಂದೇ ಉಳಿಯಿತು. ಹೆಸರು ಓದಿದವರು ತಮಗೆ ಗೊತ್ತಿದ್ದ ಮರಿಯಮ್ಮನನ್ನೇ ಓದಿದರು.

“ನಮಗೇನು ಬ್ಯಾಸರ ಇದ್ದಿದ್ದಿಲ್ರಿ. ನಮ್ಮ ಮುದುಕಿಗೆ ಮಂದಿ ಮೇಣಬತ್ತಿ ಹಚ್ಚತಾರ ಅಂತ ನಗತಿದ್ವಿ.”

“ಮತ್ತ?”

“ಇಕಿ ಕಣ್ಣು ಹೋದಾಗ ಮಗಳಿಗೆ ಎಂಟು ವರ್ಷ ರೀ. ಮುಂದ ಮಗಳು ಬೆಳದದ್ದು ಇಕಿ ನೋಡಿಲ್ಲ. ದಿನಾ ಸಂಜಿಕಿ ಮುಖ ಸವರಿ, ಇವತ್ತು ಸೊರಗೀದಿ, ಇವತ್ತು ನಕ್ಕೀದಿ ಅಂತಿದ್ಲು. ಕಲ್ಯಾಣಿ ಬಿ.ಇಡಿ. ಮುಗಿಸಿ ದೇವದುರ್ಗದಾಗ ಸಾಲಿಗೆ ಹೋಗತಿದ್ಲು. ಎರಡು ವರ್ಷದ ಹಿಂದ ಸ್ಕೂಟಿಗೆ ಲಾರಿ ಬಡೀತು. ಇಪ್ಪತ್ತನಾಕು ವರ್ಷ.”

ಅವನು ಗೋಡೆಯ ಮೇಲಿನ ಫೋಟೋದ ಕಡೆ ಕೈ ಮಾಡಿದ.

“ಫೋಟೋ ಅದಾವ್ರಿ, ಇಡೀ ಮೊಬೈಲ್ ತುಂಬ ಅದಾವ. ಇಕಿಗೆ ಏನು ಮಾಡೋದು? ಗಾಜು ಸವರಿದ್ರ ಗಾಜ. ನಮ್ಮ ಮನ್ಯಾಗ ಎಲ್ಲಾರೂ ಅಂತಿದ್ರು, ಕಲ್ಯಾಣಿದು ಮರಿಯವ್ವನ ಮುಖ ಅಂತ. ಒಂದಿನ ಕರಕೊಂಡು ಹೋಗಿ ಕೈ ಹಿಡದು ಮುಟ್ಟಿಸಿದೆ. ಅವತ್ತು ಇಕಿ ಮನಿಗೆ ಬಂದು ರೊಟ್ಟಿ ಉಂಡ್ಲು. ಹದಿನೇಳು ದಿನ ಆಗಿತ್ತು ಉಂಡು.”

ಫಾದರ್ ರಾಯಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟರು.

“ಸಮಿತಿಯವರು ಮೂಗು ತಿದ್ದು ಅಂದ್ರು. ಬ್ಯಾಡ್ರಿ ಅಂದೆ. ನೀ ತಿದ್ದದಿದ್ರ ಬ್ಯಾರೆಯವರನ್ನ ಕರಸ್ತೀವಿ ಅಂದ್ರು. ಚೂಪು ಮೂಗು, ತೆಳ್ಳಗಿನ ತುಟಿ, ಚಿತ್ರ ಬರದು ಕೊಟ್ರು. ಸೋಮವಾರ ನನ್ನ ಕೈಯಾಗಿನ ಉಳೀನ ಆ ಮೂಗಿನ ಮ್ಯಾಲ ಬೀಳತಿತ್ತು ಸಾಹೇಬ್ರ.”

“ಖರೇ ಮಾತು ಹೇಳಬೇಕಿತ್ತಲ್ಲಪ್ಪಾ,” ಎಂದರು ಫಾದರ್. “ನನ್ನ ಮುಂದರ ಹೇಳಬೇಕಿತ್ತು.”

“ಏನಂತ ಹೇಳ್ಲಿ ಯಪ್ಪಾ? ನೀವು ಕೈಮುಗಿಯೋ ತಾಯಿ ನಮ್ಮ ಮನೀ ಕೂಲಿ ಮುದುಕಿ ಅಂತ ಹೇಳ್ಲಾ? ಮಂದಿ ಏನಂತಿದ್ರು? ನಾಳಿಂದ ಇಕಿನ್ನ ಆ ಬಾಗಲ್ದಾಗ ನಿಂದರಾಕ ಬಿಡತಿದ್ರಾ? ಅದಕ್ಕ ಒಂದು ಹೊಸ ಕಲ್ಲು ಕೂಡಿಸಿ ಬಂದೀನಿ. ಅದರ ಮ್ಯಾಲ ನಿಮಗ ಬೇಕಾದ ಮರಿಯಮ್ಮನ್ನ ಕೆತ್ತಿ ಕೊಡ್ತೀನ್ರಿ. ಕೂಲಿ ಬ್ಯಾಡ.”

ಅಲ್ಲಿದ್ದವರಿಗೆಲ್ಲ ಎದ್ದು ಹೊರಗೆ ಹೋಗಬೇಕೆನಿಸಿತು. ಆದರೆ ಕೆಲಸ ಬಾಕಿ ಇತ್ತು. 3.15ಕ್ಕೆ ಗೌತಮ ದಸ್ತಗಿರಿ ಪತ್ರ ತುಂಬಿದರು. ರಾಮಲಿಂಗಪ್ಪ ಓದಿ ಸಹಿ ಮಾಡಿದ. ಆಮೇಲೆ ಜಪ್ತಿ ಪಂಚನಾಮೆ ಶುರುವಾಯಿತು.

“ಫಾದರ್, ಗುರುತು ಹೇಳ್ರಿ. ಇದು ನಿಮ್ಮ ಚರ್ಚಿನ ಮರಿಯಮ್ಮ ಹೌದಲ್ರಿ?”

ಫಾದರ್ ಹೊಸ್ತಿಲಿನಿಂದ ಎದ್ದು ಕಲ್ಲಿನ ಎದುರಿಗೆ ಬಂದರು. ಅವರು ಹುಟ್ಟಿದ್ದೇ ಆ ಚರ್ಚಿನ ಓಣಿಯಲ್ಲಿ. ಪರೀಕ್ಷೆಗೆ ಹೋಗುವಾಗ, ಪಾದ್ರಿಯಾಗಲು ಊರು ಬಿಡುವಾಗ, ತಾಯಿ ಸತ್ತ ದಿನ, ಅವರು ನಿಂತದ್ದು ಈ ಮುಖದ ಎದುರಿಗೇ.

“ಕಲ್ಲು ನಮ್ದು ರೀ,” ಅಂದರು. “ಆಕಿ ಅವರಾಕಿ. ಹಂಗ ಬರಕೋರಿ. ನಾನು ಕೇಸು ವಾಪಸ್ ತಗೋತೀನಿ.”

“ಈ ಕಲಂ ರಾಜಿಗೆ ಬರಂಗಿಲ್ಲ ಫಾದರ್. ನಿಮ್ಮ ಈ ಹೇಳಿಕಿ ಕೋರ್ಟಿಗೆ ಕಳಸ್ತೀನಿ. ಇದು ದೇವರ ವಿಗ್ರಹ ಅಲ್ಲ ಅಂತ ಕೋರ್ಟ್ ಒಪ್ಪಿದ್ರ ಕಲಂ ಬದಲಾಗಬಹುದು. ಆದರ ನೀವು ಚರ್ಚಿನಾಗ ನಿಂತು ಎಲ್ಲಾರ ಮುಂದ ಇದನ್ನ ಹೇಳಬೇಕಾಗ್ತದ.”

“ಹೇಳ್ತೀನಿ,” ಅಂದರು ಫಾದರ್. ಆದರೆ ಆ ಒಂದು ಮಾತಿಗೇ ಅವರಿಗೆ ಹತ್ತು ವರ್ಷ ವಯಸ್ಸಾದಂತೆ ಕಾಣುತ್ತಿತ್ತು.

ಅಳತೆ ಬರೆದದ್ದಾಯಿತು, ತೂಕ ಬರೆದದ್ದಾಯಿತು, ವಿಡಿಯೊ ಆಯಿತು. ಜಪ್ತಿ ಮಾಡಿದ ಮಾಲನ್ನು ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಸೀಲು ಹಾಕುವುದು ನಿಯಮ. ದಾನೇಶ್ವರಿ ಬಟ್ಟೆ ಹಾಸಿ, ಕಲ್ಲನ್ನು ಮಲಗಿಸಿ ಸುತ್ತಿದಳು. ದಬ್ಬಣಕ್ಕೆ ದಾರ ಪೋಣಿಸಿ ಕೆಳಗಿನ ತುದಿಯಿಂದ ಹೊಲಿಯುತ್ತ ಬಂದಳು.

ಗಂಡನನ್ನು ಒಯ್ಯುತ್ತಾರೆಂದು ಶೇಖಮ್ಮನಿಗೆ ಗೊತ್ತಾಗಿತ್ತು. ಈಗ ಮಣೆಯ ಕಡೆ ಕೈ ಚಾಚಿದಳು. ಮಣೆ ಖಾಲಿ. ತಡಕಾಡಿದ ಕೈಗೆ ನೆಲದ ಮೇಲಿನ ಬಟ್ಟೆ ಸಿಕ್ಕಿತು. ಅದರ ಮೇಲೆ ಅಂಗೈಯನ್ನು ನಿಧಾನವಾಗಿ ಮೇಲಕ್ಕೆ ತಂದಳು.

“ಮುಖ ಮುಚ್ಚಿಬಿಟ್ರೇನವ್ವಾ?” ಅಂದಳು. “ಅವತ್ತೂ ಹಿಂಗ. ದವಾಖಾನ್ಯಾಗ ಬಿಳಿ ಬಟ್ಟಿ ಸುತ್ತಿ, ಹೊಲದು ಕೊಟ್ರು. ಮುಖಕ್ಕ ಭಾಳ ಪೆಟ್ಟಾಗ್ಯದ, ಮುಟ್ಟಬ್ಯಾಡವ್ವಾ ಅಂದ್ರು. ನಾನು ಬಟ್ಟಿ ಮುಟ್ಟಿ ಮಗಳನ್ನ ಮಣ್ಣಿಗೆ ಕಳಿಸಿದೆ.”

ದಬ್ಬಣ ಬಟ್ಟೆಯಲ್ಲೇ ನಿಂತಿತು. ದಾನೇಶ್ವರಿ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಅವಳಿಗೆ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

“ಬಿಚ್ಚವ್ವಾ,” ಅಂದರು ಗೌತಮ.

ಅವಳು ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಬಟ್ಟೆಯನ್ನು ಕತ್ತಿನವರೆಗೆ ಸರಿಸಿ, ಶೇಖಮ್ಮನ ಎರಡೂ ಕೈಗಳನ್ನು ಹಿಡಿದು ಕಲ್ಲಿನ ಕೆನ್ನೆಗಳ ಮೇಲಿಟ್ಟಳು. ಗೌತಮ ಎದ್ದು ಹೊರಗೆ ಬಂದು ಟೋಪಿ ತೆಗೆದು ಕಟ್ಟೆಯ ಮೇಲೆ ಕೂತರು. ಪಂಚರು, ಫಾದರ್, ಬುರ್ಹಾನುದ್ದೀನ್ ಒಬ್ಬೊಬ್ಬರಾಗಿ ಹೊರಗೆ ಬಂದರು. ರಾಮಲಿಂಗಪ್ಪನೂ ಬಂದು ಪಕ್ಕದಲ್ಲಿ ನಿಂತ. ಅವನು ಓಡಿಹೋಗಬಹುದೆಂದು ಯಾರಿಗೂ ಅನಿಸಲಿಲ್ಲ.

ಒಳಗಿನಿಂದ ಮಾತು ಕೇಳುತ್ತಿತ್ತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಅಳು. ಎರಡು ವರ್ಷ ತಡವಾಗಿ ಬಂದ ಅಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು, ಒಳಗೆ ಇಣುಕಿ, ಏನೂ ಕೇಳದೆ ಶೇಖಮ್ಮನ ಸುತ್ತ ಕೂತರು.

ಬಿಸಿಲು ಇಳಿಯಿತು. ಅಳು ನಿಂತು ಸ್ವಲ್ಪ ಹೊತ್ತಾದ ಮೇಲೆ ಗೌತಮ ಒಳಗೆ ಹೋದರು. ಶೇಖಮ್ಮ ಕಲ್ಲಿನ ಹಣೆಯನ್ನು ಸೆರಗಿನಿಂದ ಒರೆಸಿದಳು. ಮೂಗು, ತುಟಿ, ಗಲ್ಲವನ್ನು ಇನ್ನೊಮ್ಮೆ ಸವರಿದಳು. ಆಮೇಲೆ ತಾನೇ ಬಟ್ಟೆಯ ಅಂಚನ್ನು ಹುಡುಕಿ, ಎಳೆದು, ಮುಖ ಮುಚ್ಚಿದಳು.

“ಈಗ ಹೊಲಿಯವ್ವಾ,” ಅಂದಳು.

ದಾನೇಶ್ವರಿ ಹೊಲಿದಳು. ಪಂಚನಾಮೆ ಮುಗಿದ ವೇಳೆ 5.25 ಎಂದು ಗೌತಮ ಬರೆದರು.